ಪೆಡಲಿಗೆ ಕರೆಂಟು ಎಲ್ಲಿಂದ?



ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ನಂತರ ಬಲಿಪೂಜೆ ನಮ್ಮ ಭಾಷೆಗೆ ಬಂತು. ಅದರ ಜೊತೆಗೆ ನಮ್ಮ ವಾದ್ಯಗಳೂ ಬಂದವು. ಇಂದು ಎಷ್ಟೋ ಧರ್ಮಕೇಂದ್ರಗಳ ಗಾಯನವೃಂದದಲ್ಲಿ ಹಾರ್ಮೋನಿಯಂ, ತಬಲಾಗಳ ಪಕ್ಕದಲ್ಲಿ ಕೀಬೋರ್ಡ್, ಗಿಟಾರ್ ಹಾಗೂ ಬೇಸ್ ಗಿಟಾರ್ ಕಾಣುತ್ತವೆ. ನುಡಿಸುವವರು ಬಹುಪಾಲು ನಮ್ಮ ಮಕ್ಕಳು. ಕೊಡಿಸುವವರು ಹೆತ್ತವರಾದ ನಾವು. ಗಿಟಾರ್ ಕೊಡಿಸುವಾಗ ನಾಲ್ಕು ಅಂಗಡಿ ತಿರುಗುತ್ತೇವೆ, ಬಣ್ಣ ನೋಡುತ್ತೇವೆ, ದರ ಕೇಳುತ್ತೇವೆ. ಆದರೆ ಆ ವಾದ್ಯಕ್ಕೂ ಅದರ ಜೊತೆಯ ಪೆಟ್ಟಿಗೆಗಳಿಗೂ ಕರೆಂಟು ಎಲ್ಲಿಂದ ಬರುತ್ತದೆ, ಹೇಗೆ ಬರುತ್ತದೆ ಎಂದು ಕೇಳುವವರು ಕಡಿಮೆ. ಪರಮಪ್ರಸಾದದ ನಂತರ ಎಲ್ಲರೂ ಮೌನವಾಗಿ ಕುಳಿತಾಗ ಸ್ಪೀಕರಿನಿಂದ "ಗುಂಯ್" ಎಂಬ ಸದ್ದು ಬಂದಾಗಲೇ ಎಲ್ಲರ ಕಣ್ಣು ಆ ಕಡೆ ತಿರುಗುವುದು!

ನಾವು ಮೂಲತಃ ಅಕ್ಕಲಕೋಟ ತಾಲೂಕಿನ ವಾಗದರಿಯವರು. ಹೊಟ್ಟೆಪಾಡಿಗಾಗಿ ಸೋಲಾಪುರದಲ್ಲಿ ನೆಲೆಸಿದ್ದೇವೆ. ಮನೆಯಲ್ಲಿ ಕನ್ನಡ, ಅಂಗಡಿ ಕಚೇರಿಗಳಲ್ಲಿ ಮರಾಠಿ. ಗಂಡ ಹೆಂಡತಿ ನಮಗಿಬ್ಬರಿಗೂ ಸಂಗೀತ ಕೇಳಿ ಗೊತ್ತೇ ಹೊರತು ನುಡಿಸಿ ಗೊತ್ತಿಲ್ಲ. ಮಗ ಗಿಟಾರ್ ನುಡಿಸುತ್ತಾನೆ, ಮಗಳು ಬೇಸ್. ಸುಗ್ಗಿಗೂ ರಜೆಗೂ ಎಲ್ಲರೂ ಊರಿಗೆ ಹೋಗುತ್ತೇವೆ, ವಾದ್ಯಗಳೂ ಜೊತೆಗೆ ಬರುತ್ತವೆ. ಮಕ್ಕಳ ಪೆಡಲುಗಳಿಗೆ ಸರಿಯಾದ ಪವರ್ ಸಪ್ಲೈ ಹುಡುಕುವಾಗ ನಾವು ಕಲಿತದ್ದನ್ನು ಇತರ ಕುಟುಂಬಗಳಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇವೆ.

ಪೆಡಲ್ ಎಂದರೇನು?

ಗಿಟಾರ್ ಮತ್ತು ಆಂಪ್ಲಿಫೈಯರ್ ನಡುವೆ ನೆಲದ ಮೇಲಿಟ್ಟು ಕಾಲಿನಿಂದ ಒತ್ತುವ ಚಿಕ್ಕ ಡಬ್ಬಿಯೇ ಪೆಡಲ್. ಒಂದು ಡಬ್ಬಿ ದನಿಯನ್ನು ಒರಟು ಮಾಡುತ್ತದೆ, ಇನ್ನೊಂದು ಗುಡ್ಡದ ಮಾರ್ದನಿಯಂತೆ ತಿರುಗಿ ತಿರುಗಿ ಕೇಳಿಸುತ್ತದೆ, ಮತ್ತೊಂದು ಒಬ್ಬರು ನುಡಿಸಿದ್ದನ್ನು ಇಬ್ಬರು ನುಡಿಸಿದಂತೆ ಮಾಡುತ್ತದೆ. ಶ್ರುತಿ ತೋರಿಸುವ ಟ್ಯೂನರ್ ಕೂಡ ಅದೇ ಸಾಲಿನಲ್ಲಿ ಕೂರುತ್ತದೆ. 1962ರಲ್ಲಿ ಅಮೆರಿಕದ ಮೇಸ್ಟ್ರೋ ಫಜ್-ಟೋನ್ ಅಂಗಡಿಗಳಿಗೆ ಬಂತು. 1977ರಲ್ಲಿ ಜಪಾನಿನ ಬಾಸ್ ಕಂಪನಿ ತನ್ನ ಪುಟ್ಟ ಪೆಡಲುಗಳನ್ನು ಹೊರತಂದಿತು. ಇಂದು ಹೆಚ್ಚಿನ ಕಂಪನಿಗಳ ಪೆಡಲುಗಳು ಒಂದೇ ಬಗೆಯ ಕರೆಂಟು ಕೇಳುತ್ತವೆ: 9 ವೋಲ್ಟ್, ಡಿ.ಸಿ.

ಹಾರ್ಮೋನಿಯಂಗೆ ತಿದಿ ಹೇಗೋ ಪೆಡಲಿಗೆ ಪವರ್ ಸಪ್ಲೈ ಹಾಗೆ. ತಿದಿ ಸೋರುತ್ತಿದ್ದರೆ ಎಂಥ ಜಾಣ ಬೆರಳೂ ಏನೂ ಮಾಡಲಾಗದು.

ಬ್ಯಾಟರಿ ಸಾಕಲ್ಲವೇ?

ಇದು ಊರಿನಲ್ಲಿರುವ ನಮ್ಮ ಅಪ್ಪನವರ ಪ್ರಶ್ನೆ. "ರೇಡಿಯೋಕ್ಕ ಶೆಲ್ಲ ಹಾಕಿ ಮೂವತ್ತ ವರ್ಷ ಕೇಳೀವಿ. ಈ ಡಬ್ಬಿಗಿ ಯಾಕ ಸಾವಿರಗಟ್ಟಲೆ?" ಎಂದರು. ಪ್ರಶ್ನೆ ನ್ಯಾಯವಾದದ್ದೇ. ಬ್ಯಾಟರಿಯ ಕರೆಂಟಿನಷ್ಟು ಸದ್ದಿಲ್ಲದ ಕರೆಂಟು ಬೇರೊಂದಿಲ್ಲ. ಒಂಬತ್ತು ವೋಲ್ಟಿನ ಒಳ್ಳೆಯ ಆಲ್ಕಲೈನ್ ಬ್ಯಾಟರಿಯಲ್ಲಿ ಸುಮಾರು 500 ಮಿಲಿಆಂಪ್-ಗಂಟೆಯಷ್ಟು ಶಕ್ತಿ ಇರುತ್ತದೆ. 10 ಮಿಲಿಆಂಪ್ ಮಾತ್ರ ಎಳೆಯುವ ಓವರ್‌ಡ್ರೈವ್ ಪೆಡಲಿಗೆ ಲೆಕ್ಕಕ್ಕೆ 50 ಗಂಟೆ ಬಂತು. ಆದರೆ 60 ಮಿಲಿಆಂಪ್ ಎಳೆಯುವ ಡಿಜಿಟಲ್ ಡಿಲೇ ಪೆಡಲಿಗೆ ಎಂಟು ಗಂಟೆಯೂ ಕಷ್ಟ. ಶನಿವಾರ ಅಭ್ಯಾಸ, ಭಾನುವಾರ ಪೂಜೆ, ನಡುವೆ ಮನೆಯಲ್ಲಿ ನುಡಿಸಾಟ ಎಂದರೆ ವಾರಕ್ಕೊಂದು ಬ್ಯಾಟರಿ. ಅದೂ ಹಾಡಿನ ಅರ್ಧಕ್ಕೆ ಕೈ ಕೊಡುವಂಥದ್ದು. ಇನ್ನೊಂದು ಮಾತು: ಬ್ಯಾಟರಿ ಹಾಕಿದ ಪೆಡಲಿನಲ್ಲಿ ಗಿಟಾರಿನ ಕೇಬಲ್ ಚುಚ್ಚಿಟ್ಟರೆ ಸಾಮಾನ್ಯವಾಗಿ ಅದು ನುಡಿಸದಿದ್ದರೂ ಕರೆಂಟು ತಿನ್ನುತ್ತಲೇ ಇರುತ್ತದೆ. ಕೆಲಸ ಮುಗಿದೊಡನೆ ಕೇಬಲ್ ಕಿತ್ತಿಡುವುದು ಒಳ್ಳೆಯ ರೂಢಿ.

ಚೀಟಿಯ ಮೇಲಿನ ನಾಲ್ಕು ಸಂಗತಿ

ನಮ್ಮ ಮನೆಯಲ್ಲಿ ಗುರುವಾದವರು ವಾಗದರಿಯಲ್ಲಿರುವ ಮಕ್ಕಳ ಸೋದರಮಾವ. ಪಂಪ್‌ಸೆಟ್ಟಿನ ಮೋಟಾರ್ ರಿವೈಂಡಿಂಗ್ ಮಾಡುವುದು ಅವರ ಕಸುಬು. ಗಿಟಾರ್ ಮುಟ್ಟಿದವರಲ್ಲ, ಆದರೆ ಕರೆಂಟಿನ ಗುಣ ಬಲ್ಲವರು. ಒಂದು ದಿನ ಮಗಳು ವೈಫೈ ಡಬ್ಬಿಯ ಅಡಾಪ್ಟರ್ ತಂದು, "ಮಾಮಾ, ಇದರ ಪಿನ್ ನನ್ನ ಪೆಡಲಿಗೆ ಸರಿಯಾಗಿ ಕೂಡ್ತದ, ಹಚ್ಚಲೇನು?" ಎಂದಳು. ಅವರು ಕೈ ಅಡ್ಡ ಹಿಡಿದು, "ತಡಿ ಯವ್ವಾ. ಪಿನ್ ಕೂತ್ರ ಕರೆಂಟ್ ಕೂಡ್ತಂತಲ್ಲ. ಮೊದಲ ಚೀಟಿ ಓದು" ಎಂದರು. ಅಂದು ಅವರು ಓದಿಸಿದ ನಾಲ್ಕು ಸಂಗತಿ ಇವು.

ಒಂದು, ವೋಲ್ಟ್. ಪೆಡಲ್ 9 ಕೇಳಿದರೆ 9ನ್ನೇ ಕೊಡಬೇಕು. 18 ವೋಲ್ಟ್ ತಡೆದುಕೊಳ್ಳುವ ಪೆಡಲುಗಳೂ ಇವೆ, ಆದರೆ ಅದನ್ನು ಪೆಡಲಿನ ಮೇಲೋ ಅದರ ಪುಸ್ತಕದಲ್ಲೋ ಬರೆದಿದ್ದರೆ ಮಾತ್ರ ನಂಬಬೇಕು.

ಎರಡು, ಎ.ಸಿ.ಯೋ ಡಿ.ಸಿ.ಯೋ. ನೇರ ಗೆರೆಯ ಕೆಳಗೆ ತುಂಡು ಗೆರೆ ಇದ್ದರೆ ಡಿ.ಸಿ., ಅಲೆಯಂಥ ಗೆರೆ ಇದ್ದರೆ ಎ.ಸಿ. ಎ.ಸಿ. ಕೇಳುವ ಪೆಡಲುಗಳು ಕೆಲವು ಮಾತ್ರ. ಒಂದರದನ್ನು ಇನ್ನೊಂದಕ್ಕೆ ಹಚ್ಚಬಾರದು.

ಮೂರು, ಪಿನ್ನಿನ ನಡುವೆ ಇರುವುದು ಋಣವೋ ಧನವೋ ಎಂಬುದು. ಚೀಟಿಯ ಮೇಲೆ ಚಿಕ್ಕ ವೃತ್ತ, ನಡುವೆ ಚುಕ್ಕೆ, ಅಕ್ಕಪಕ್ಕ ಪ್ಲಸ್ ಮತ್ತು ಮೈನಸ್ ಗುರುತಿನ ಚಿತ್ರ ಇರುತ್ತದೆ. ಹೆಚ್ಚಿನ ಪೆಡಲುಗಳಿಗೆ ನಡುವೆ ಮೈನಸ್ ಬೇಕು. ವೈಫೈ ಡಬ್ಬಿಗಳಿಗೂ ಹಲವು ಕೀಬೋರ್ಡುಗಳಿಗೂ ನಡುವೆ ಪ್ಲಸ್. ಪಿನ್ನಿನ ಗಾತ್ರ ಎರಡರಲ್ಲೂ ಒಂದೇ, ಹೊರಗೆ 5.5 ಮಿ.ಮೀ., ಒಳಗೆ 2.1 ಮಿ.ಮೀ. ಆಗಿರಬಹುದು! ಮೋಸ ಇರುವುದು ಇಲ್ಲೇ. ಒಳಗೆ ರಕ್ಷಣೆಯ ಡಯೋಡ್ ಇರುವ ಪೆಡಲ್ ಉಳಿದೀತು, ಇಲ್ಲದ್ದು ಸುಟ್ಟೀತು.

ನಾಲ್ಕು, ಮಿಲಿಆಂಪ್. ಇದು ಎಷ್ಟಿದ್ದರೂ ಕಡಿಮೆ ಇರಬಾರದು, ಹೆಚ್ಚಿದ್ದರೆ ಚಿಂತೆಯಿಲ್ಲ. ದೋಣಿಯ ತುಂಬ ನೀರಿದ್ದರೂ ಎತ್ತು ತನಗೆ ಬೇಕಾದಷ್ಟೇ ಕುಡಿಯುತ್ತದೆ. ನಮ್ಮ ಮಕ್ಕಳ ಲೆಕ್ಕ ಹೀಗಿತ್ತು: ಟ್ಯೂನರ್ 30, ಕಂಪ್ರೆಸರ್ 10, ಓವರ್‌ಡ್ರೈವ್ 10, ಕೋರಸ್ 20, ಡಿಜಿಟಲ್ ಡಿಲೇ 60. ಒಟ್ಟು 130. ಅದಕ್ಕೆ ಅರ್ಧದಷ್ಟು ಕೂಡಿಸಿಟ್ಟುಕೊಳ್ಳುವುದು ಒಳ್ಳೆಯದು, ಅಂದರೆ ಸುಮಾರು 200. ಮುಂದೆ ಒಂದೆರಡು ಪೆಡಲ್ ಬರುವುದನ್ನೂ ಎಣಿಸಿದರೆ 500 ಮಿಲಿಆಂಪಿನದು ಧಾರಾಳ.

ಅಂಗಡಿಯಲ್ಲಿ 'ಎಲಿಮಿನೇಟರ್' ಎಂದು ಸಿಗುವ, 3ರಿಂದ 12 ವೋಲ್ಟಿನವರೆಗೆ ಗುಂಡಿ ತಿರುಗಿಸುವ ಅಗ್ಗದ ಡಬ್ಬಿಯ ಬಗ್ಗೆಯೂ ಒಂದು ಮಾತು. ಗುಂಡಿಯನ್ನು 9ಕ್ಕೆ ಇಟ್ಟು ಮಾಮಾ ಮೀಟರ್ ಹಿಡಿದು ತೋರಿಸಿದರು. ಮುಳ್ಳು 13 ದಾಟಿತ್ತು. ಇಂಥವುಗಳಲ್ಲಿ ವೋಲ್ಟನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ. ಭಾರ ಕಡಿಮೆ ಇದ್ದಾಗ ವೋಲ್ಟ್ ಏರುತ್ತದೆ, ಭಾರ ಬಿದ್ದಾಗ ಇಳಿಯುತ್ತದೆ, ಜೊತೆಗೆ ಗುಂಯ್‌ಗುಡುವ ಸದ್ದನ್ನೂ ಕೊಡುತ್ತದೆ.

ಬೇಸ್ ನುಡಿಸುವವರಿಗೆ ಕಷ್ಟ ಹೆಚ್ಚು

ನಮ್ಮ ದೇಶದ ಮನೆ ಕರೆಂಟು ಸೆಕೆಂಡಿಗೆ 50 ಸಲ ಅಲೆಯುತ್ತದೆ. ಅದನ್ನು ಡಿ.ಸಿ. ಮಾಡುವಾಗ ಸರಿಯಾಗಿ ಸೋಸದಿದ್ದರೆ 100ರ ಅಲೆ ಉಳಿಯುತ್ತದೆ. ಬೇಸ್ ಗಿಟಾರಿನ ಜಿ ತಂತಿಯನ್ನು ಬಿಡಿಯಾಗಿ ಮೀಟಿದರೆ ಅದರ ಕಂಪನ 98. ಅಂದರೆ ಆ ಹಾಳು ಗುಂಯ್ ಸದ್ದು ಬೇಸಿನ ಸ್ವರದ ಪಕ್ಕದಲ್ಲೇ ಬಂದು ಕೂರುತ್ತದೆ, ಎರಡೂ ಸೇರಿ ಸೆಕೆಂಡಿಗೆ ಎರಡು ಸಲ ತೂಗಾಡಿದಂತೆ ಕೇಳುತ್ತದೆ. ಮಗಳು ತಂತಿ ಶ್ರುತಿ ತಪ್ಪಿದೆ ಎಂದು ಎಷ್ಟು ಸಲ ಕೀಲಿ ತಿರುಗಿಸಿದರೂ ಸರಿಹೋಗದ್ದಕ್ಕೆ ಕಾರಣ ತಂತಿಯಲ್ಲ, ಎಲಿಮಿನೇಟರ್. ದಪ್ಪ ಸ್ವರಗಳನ್ನು ಹೊರಡಿಸಲೆಂದೇ ಮಾಡಿದ ಬೇಸ್ ಸ್ಪೀಕರ್ ಈ ಸದ್ದನ್ನೂ ದಪ್ಪ ಮಾಡಿಯೇ ಹೊರಡಿಸುತ್ತದೆ.

ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕುವ ದಾರಿ ಸುಲಭ. ಮೊದಲು ಪೆಡಲುಗಳನ್ನೆಲ್ಲ ಬಿಚ್ಚಿ ಗಿಟಾರನ್ನು ನೇರವಾಗಿ ಆಂಪ್ಲಿಫೈಯರಿಗೆ ಹಚ್ಚಬೇಕು. ಆಗಲೂ ಸದ್ದು ಇದ್ದು, ನುಡಿಸುವವರು ತಿರುಗಿ ನಿಂತರೆ ಅದು ಹೆಚ್ಚು ಕಡಿಮೆಯಾದರೆ, ಗಿಟಾರಿನ ಪಿಕಪ್ ಟ್ಯೂಬ್‌ಲೈಟಿನದೋ ಹತ್ತಿರದ ಟ್ರಾನ್ಸ್‌ಫಾರ್ಮರಿನದೋ ಸದ್ದು ಹಿಡಿಯುತ್ತಿದೆ ಎಂದರ್ಥ. ಪವರ್ ಸಪ್ಲೈಯದು ತಪ್ಪಿಲ್ಲ. ಸದ್ದು ಹೋದರೆ ಒಂದೊಂದೇ ಪೆಡಲ್ ಸೇರಿಸುತ್ತ ಬರಬೇಕು. ಯಾವುದನ್ನು ಸೇರಿಸಿದಾಗ ಸದ್ದು ಬಂತೋ ಆ ಪೆಡಲಿಗೆ ಬ್ಯಾಟರಿ ಹಾಕಿ ನೋಡಬೇಕು. ಬ್ಯಾಟರಿಯಲ್ಲಿ ಸದ್ದಿಲ್ಲದಿದ್ದರೆ ಹೊಸ ಪೆಡಲ್ ಬೇಡ, ಬೇರೆ ಪವರ್ ಸಪ್ಲೈ ಬೇಕು.

ಒಂದೇ ಬಾವಿಯೋ, ಮನೆಗೊಂದು ಬಾವಿಯೋ?

ಒಂದೇ ಅಡಾಪ್ಟರಿನಿಂದ ಸರದಂತೆ ಐದಾರು ಪಿನ್ನು ಇಳಿಬಿಟ್ಟ ವೈರ್ ಸಿಗುತ್ತದೆ. ಕೆಲವು ನೂರು ರೂಪಾಯಿಯ ವೈರ್. ಒಳ್ಳೆಯ ಅಡಾಪ್ಟರ್ ಇದ್ದು, ಎರಡು ಮೂರು ಸಾದಾ ಪೆಡಲುಗಳಿದ್ದರೆ ಇದೇ ಸಾಕು. ಆದರೆ ಐದು ಮನೆಯವರು ಒಂದೇ ಬಾವಿಗೆ ಕೊಡ ಇಳಿಸಿದಂತೆ, ಒಬ್ಬರು ಕದಡಿದ ಕೆಸರು ಎಲ್ಲರ ಕೊಡಕ್ಕೂ ಬರುತ್ತದೆ. ಡಿಜಿಟಲ್ ಪೆಡಲಿನ ಒಳಗಿನ ಕಿರುಗುಟ್ಟುವ ಸದ್ದು ಪಕ್ಕದ ಓವರ್‌ಡ್ರೈವಿಗೆ ಹರಿದು ಅಲ್ಲಿ ದೊಡ್ಡದಾಗುತ್ತದೆ.

ಇನ್ನೊಂದು ಬಗೆ 'ಐಸೋಲೇಟೆಡ್' ಎನ್ನುವಂಥದ್ದು. ಒಂದೊಂದು ಪೆಡಲಿಗೂ ಪ್ರತ್ಯೇಕ ದಾರಿ, ಒಂದರ ಕರೆಂಟಿಗೂ ಇನ್ನೊಂದರದಕ್ಕೂ ಒಳಗೆ ಸಂಬಂಧವಿಲ್ಲ. ಇದನ್ನು ಕೇಳಿ ಮಾಮಾ ನಕ್ಕರು: "ಅಂದ್ರ ಪ್ರತಿಯೊಂದಕ್ಕೂ ಬ್ಯಾರೆ ವೈಂಡಿಂಗ್ ಅನ್ನು! ತಾಮ್ರ ಹೆಚ್ಚು, ರೊಕ್ಕ ಹೆಚ್ಚು." ಹೌದು, ಇದಕ್ಕೆ ಸಾವಿರಗಳಲ್ಲಿ ದರ. ಚೀಟಿಯ ಮೇಲೆ ಬರೀ 'ಎಂಟು ಔಟ್‌ಪುಟ್' ಎಂದಿದ್ದರೆ ಅದು ಐಸೋಲೇಟೆಡ್ ಎಂದರ್ಥವಲ್ಲ. ಕೆಲವು ಡಬ್ಬಿಗಳಲ್ಲಿ ಹೊರಗೆ ಎಂಟು ತೂತು, ಒಳಗೆ ಒಂದೇ ಬಾವಿ. ಕೇಳಿಯೇ ಕೊಳ್ಳಬೇಕು.

ಊರಿನ ಕರೆಂಟು

ಬಲ್ಲವರು ಅನೇಕರು ಹೇಳುವ ಮಾತು: ತೂಕದ ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಬಗೆಯ ಪವರ್ ಸಪ್ಲೈಯೇ ಶಾಂತ, ಹಗುರವಾದ 'ಸ್ವಿಚಿಂಗ್' ಬಗೆಯದು ಕಿರುಗುಟ್ಟುತ್ತದೆ. ಸ್ಥಿರ ಕರೆಂಟಿರುವ ನಗರದಲ್ಲಿ ಮೊದಲನೆಯದು ಚೆನ್ನಾಗಿಯೇ ನಡೆಯುತ್ತದೆ. ವಾಗದರಿಯ ಲೆಕ್ಕ ಬೇರೆ. ನಮ್ಮ ಕಡೆ ಟ್ರಾನ್ಸ್‌ಫಾರ್ಮರಿಗೆ 'ಡಿಪಿ' ಎನ್ನುತ್ತಾರೆ. ಆ ಡಿಪಿಯ ಮೇಲೆ ಹೊಲದ ಮೋಟಾರುಗಳೆಲ್ಲ ಒಮ್ಮೆಗೇ ಚಾಲೂ ಆದಾಗ ಮನೆಯ 230 ವೋಲ್ಟ್ 180ಕ್ಕೆ ಇಳಿಯುವುದನ್ನು ಮಾಮಾ ಮೀಟರಿನಲ್ಲಿ ತೋರಿಸಿದ್ದಾರೆ. ತೂಕದ ಟ್ರಾನ್ಸ್‌ಫಾರ್ಮರ್ ಬಂದದ್ದನ್ನು ಅದೇ ಪ್ರಮಾಣದಲ್ಲಿ ಇಳಿಸಿ ಕೊಡುತ್ತದೆ. ಮೇಲೆ 230 ಇದ್ದದ್ದು 180 ಆದರೆ ಕೆಳಗೂ ಕಡಿಮೆ. ಆಗ 9 ವೋಲ್ಟನ್ನು ಹಿಡಿದಿಡುವ ಭಾಗಕ್ಕೆ ಬೇಕಾದಷ್ಟು ಸಿಗದೆ ಗುಂಯ್ ಸದ್ದು ಒಳನುಗ್ಗುತ್ತದೆ. ಚೀಟಿಯ ಮೇಲೆ 'ಇನ್‌ಪುಟ್ 100–240 ವೋಲ್ಟ್' ಎಂದು ಬರೆದ ಒಳ್ಳೆಯ ಸ್ವಿಚಿಂಗ್ ಪವರ್ ಸಪ್ಲೈ ಮಾತ್ರ 180ರಲ್ಲೂ ಸರಿಯಾಗಿ 9 ಕೊಡುತ್ತದೆ. ಆದ್ದರಿಂದ ಊರಿಗೂ ಪಟ್ಟಣಕ್ಕೂ ಓಡಾಡುವ ನಾವು ಆರಿಸಿದ್ದು ಐಸೋಲೇಟೆಡ್ ಆದ, 100–240 ಎಂದು ಬರೆದ, ಹಗುರವಾದ ಡಬ್ಬಿಯನ್ನು.

ಕರೆಂಟೇ ಹೋದರೆ? ಮೋಬೈಲಿನ ಪವರ್ ಬ್ಯಾಂಕಿನ 5 ವೋಲ್ಟನ್ನು 9ಕ್ಕೆ ಏರಿಸುವ ವೈರ್ ಸಿಗುತ್ತದೆ. ಎರಡು ಮೂರು ಪೆಡಲಿಗೆ ಅದು ಸಾಕು. ಅಗ್ಗದ ಇನ್ವರ್ಟರ್ ಶುದ್ಧ ಅಲೆಯ ಬದಲು ಚೌಕದಂಥ ಅಲೆ ಕೊಡುವುದರಿಂದ ಸ್ಪೀಕರಿನಲ್ಲಿ ಕರಕರ ಸದ್ದು ಬರಬಹುದು, 'ಸೈನ್ ವೇವ್' ಎಂದು ಬರೆದದ್ದು ಮೇಲು. ಟ್ರ್ಯಾಕ್ಟರಿನ 12 ವೋಲ್ಟ್ ಬ್ಯಾಟರಿಯಿಂದ ನೇರವಾಗಿ ವೈರ್ ಎಳೆಯುವುದು ಬೇಡ. ಚಾರ್ಜ್ ಆಗುವಾಗ ಅದು 14 ದಾಟುತ್ತದೆ.

ಎಲ್ಲಕ್ಕಿಂತ ಮೊದಲು ಅರ್ಥಿಂಗ್

ಇಷ್ಟು ಹೊತ್ತು ಹೇಳಿದ್ದು ಸದ್ದಿನ ಮಾತು. ಇನ್ನು ಹೇಳುವುದು ಜೀವದ ಮಾತು.

ಎರಡು ವರ್ಷಗಳ ಹಿಂದೆ ಊರಿನಲ್ಲಿ ನೆಂಟರ ಮನೆಯ ನಿಶ್ಚಿತಾರ್ಥ. ಅಂಗಳದಲ್ಲಿ ಶಾಮಿಯಾನ, ಬಾಡಿಗೆಯ ಮೈಕ್ ಸೆಟ್. ಮಗಳು ಬೇಸ್ ಹಿಡಿದು ಹಾಡಲೆಂದು ಮೈಕಿಗೆ ಬಾಯಿ ತಂದಾಗ ತುಟಿಗೆ ಚುರ್ ಎಂದು ಹೊಡೆಯಿತು. ಹುಡುಗಿ ಹಿಂದಕ್ಕೆ ಸರಿದು ಕುಳಿತುಬಿಟ್ಟಳು. ಮಾಮಾ ಓಡಿ ಹೋಗಿ ಮೇನ್ ಇಳಿಸಿದರು. ನೋಡಿದರೆ ಆಂಪ್ಲಿಫೈಯರಿನ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಪಿನ್ನನ್ನೇ ಮುರಿದು ತೆಗೆಯಲಾಗಿತ್ತು. ಹಾಗೆ ಮಾಡಿದರೆ ಗುಂಯ್ ಸದ್ದು ನಿಲ್ಲುತ್ತದೆಂದು ಮೈಕಿನವರ ಲೆಕ್ಕ.

ಗಿಟಾರಿನ ತಂತಿಗಳು ಕೇಬಲ್ಲಿನ ಮೂಲಕ ಆಂಪ್ಲಿಫೈಯರಿನ ಲೋಹದ ಮೈಗೆ ಸೇರಿರುತ್ತವೆ. ಆ ಮೈಗೆ ಅರ್ಥಿಂಗ್ ಇಲ್ಲದಿದ್ದರೆ ಸೋರಿದ ಕರೆಂಟು ತಂತಿಗೆ ಬರುತ್ತದೆ. ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ: ನಡುವೆ ನುಡಿಸುವವರ ದೇಹವೇ ವೈರ್. ಬ್ರಿಟನ್ನಿನ ಗಿಟಾರ್ ವಾದಕ ಲೆಸ್ ಹಾರ್ವೆ 1972ರ ಮೇ 3ರಂದು ಸ್ವಾನ್ಸೀಯ ವೇದಿಕೆಯಲ್ಲಿ ಸರಿಯಾದ ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ ಪ್ರಾಣ ಬಿಟ್ಟರು. ಎಷ್ಟು ದುಬಾರಿ ಪೆಡಲ್ ಸಪ್ಲೈ ಇದ್ದರೂ ಈ ಅಪಾಯವನ್ನು ಅದು ತಡೆಯಲಾರದು. ದಪ್ಪ ಪಿನ್ ತೆಗೆಯುವುದು ಗುಂಯ್ ಸದ್ದಿಗೆ ಮದ್ದಲ್ಲ. ಆಂಪ್ಲಿಫೈಯರ್, ಮಿಕ್ಸರ್, ಪೆಡಲ್ ಸಪ್ಲೈ ಎಲ್ಲವನ್ನೂ ಅರ್ಥಿಂಗ್ ಇರುವ ಒಂದೇ ಬೋರ್ಡಿನಿಂದ ತೆಗೆದುಕೊಳ್ಳುವುದು, ಬೇಕಾದರೆ ಡಿ.ಐ. ಬಾಕ್ಸಿನ 'ಗ್ರೌಂಡ್ ಲಿಫ್ಟ್' ಗುಂಡಿ ಒತ್ತುವುದು ಸರಿಯಾದ ದಾರಿ. ಆ ಗುಂಡಿ ಸಂಗೀತದ ಕೇಬಲ್ಲಿನ ಕೊಂಡಿಯನ್ನಷ್ಟೇ ಬಿಡಿಸುತ್ತದೆ, ಜೀವ ಕಾಯುವ ಅರ್ಥಿಂಗನ್ನು ಮುಟ್ಟುವುದಿಲ್ಲ.

ಅಂದು ರಾತ್ರಿ ಮನೆಯಲ್ಲಿ ದೊಡ್ಡ ಮಾತುಕತೆಯೇ ಆಯಿತು. "ಈ ಕರೆಂಟಿನ ವಾದ್ಯಾನ ಬ್ಯಾಡ, ಹುಡುಗಿ ಕೈಗೆ ಹಾರ್ಮೋನಿಯಂ ಕೊಡ್ರಿ" ಎಂದು ಅಪ್ಪನವರು ಹಟ ಹಿಡಿದರು. ಮೊಮ್ಮಗಳ ಮೇಲಿನ ಪ್ರೀತಿಯ ಹಟ ಅದು. ಎದುರು ಮಾತಾಡುವುದು ನಮಗೂ ಸುಲಭವಿರಲಿಲ್ಲ. ಮಗಳು ಹೊಸ ಪೆಡಲಿಗೆಂದು ಕ್ರಿಸ್ಮಸ್ಸಿನ ಕಾಣಿಕೆ, ಹುಟ್ಟುಹಬ್ಬದ ದುಡ್ಡು ಕೂಡಿಸಿ 6000 ರೂಪಾಯಿ ಇಟ್ಟಿದ್ದಳು. ಅದನ್ನು ತಂದು ಮಾಮಾನ ಮುಂದಿಟ್ಟು, "ಮೊದಲ ಅಜ್ಜನ ಮನೆಗೆ ಅರ್ಥಿಂಗ್ ಮಾಡ್ರಿ ಮಾಮಾ. ಪೆಡಲ್ ಆಮ್ಯಾಲ ತಗೊಂತೀನಿ" ಎಂದಳು. ಅಪ್ಪನವರು ಮಾತಾಡದೆ ಎದ್ದು ಹೋಗಿ, ಬೆಳಗಾಗುವುದರೊಳಗೆ ಗುದ್ದಲಿ ಹೊರಗಿಟ್ಟಿದ್ದರು.

ಹಿತ್ತಲಲ್ಲಿ ಆಳವಾದ ಕುಣಿ ತೋಡಿ, ಲೋಹದ ಕೊಳವೆ ನಿಲ್ಲಿಸಿ, ಸುತ್ತ ಇದ್ದಿಲು ಮತ್ತು ಉಪ್ಪನ್ನು ಪದರು ಪದರಾಗಿ ತುಂಬಿದೆವು. ನಮ್ಮದು ಎರೆ ಮಣ್ಣು. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟರೆ ಅರ್ಥಿಂಗ್ ಸೊರಗುತ್ತದೆ. ಅದಕ್ಕೆ ಬೇಸಿಗೆಯುದ್ದಕ್ಕೂ ಕುಣಿಗೆ ನೀರು ಹಾಕುವ ಕೆಲಸವನ್ನು ಅಪ್ಪನವರೇ ವಹಿಸಿಕೊಂಡರು. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿನಷ್ಟು ಕರೆಂಟು ಸೋರಿದರೂ ತಾನಾಗಿ ಬೀಳುವ ಸ್ವಿಚ್ ಹಾಕಿಸಿದೆವು. ಪೆಡಲ್ ಸಪ್ಲೈ ಕೊಂಡದ್ದು ಮುಂದಿನ ತೊಗರಿ ಮಾರಿದ ಮೇಲೆ. ಕೋರಸ್ ಪೆಡಲ್ ಇನ್ನೂ ಬಂದಿಲ್ಲ. ಅದರ ಕಾಲಂ ಲೆಕ್ಕದ ಚೀಟಿಯಲ್ಲಿ ಕಾಯುತ್ತಿದೆ.

ಹೆತ್ತವರಲ್ಲಿ ಒಂದು ವಿನಂತಿ

ಮಕ್ಕಳು ಪೆಡಲ್ ಕೇಳಿದಾಗ ಬೇಡವೆನ್ನುವ ಮುನ್ನವೂ ಹೂಂ ಎನ್ನುವ ಮುನ್ನವೂ ಅವರ ಜೊತೆ ಕುಳಿತು ಒಂದು ಹಾಳೆಯಲ್ಲಿ ಬರೆಯಿರಿ: ಯಾವ ಪೆಡಲ್, ಎಷ್ಟು ವೋಲ್ಟ್, ಎ.ಸಿ.ಯೋ ಡಿ.ಸಿ.ಯೋ, ನಡುವೆ ಪ್ಲಸ್ಸೋ ಮೈನಸ್ಸೋ, ಎಷ್ಟು ಮಿಲಿಆಂಪ್. ಅಡಾಪ್ಟರಿನ ಮೇಲೆ ಬಿ.ಐ.ಎಸ್. ಗುರುತು ಮತ್ತು ಅದರ ನೋಂದಣಿ ಸಂಖ್ಯೆ ಇದೆಯೇ ನೋಡಿ. ಆ ಹಾಳೆ ಹಿಡಿದು ಅಂಗಡಿಗೆ ಹೋದರೆ ಮಾರುವವರೂ ನಿಮಗೆ ಬೇಕಾದದ್ದನ್ನೇ ತೆಗೆದು ತೋರಿಸುತ್ತಾರೆ.

ಹಾಗೆಯೇ ನಮ್ಮ ಧರ್ಮಕೇಂದ್ರಗಳ ಹಿರಿಯರಲ್ಲೂ ಕೇಳಿಕೊಳ್ಳುತ್ತೇವೆ. ಗಾಯನವೃಂದ ಕೂರುವ ಕಡೆಯ ಪ್ಲಗ್ಗುಗಳಿಗೆ ಅರ್ಥಿಂಗ್ ಇದೆಯೇ ಎಂದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರಿಂದ ಹಬ್ಬದ ಮೊದಲೇ ಪರೀಕ್ಷೆ ಮಾಡಿಸಿ. ಅದಕ್ಕೆ ಅರ್ಧ ದಿನ ಸಾಕು. ಆ ಕೆಲಸದ ಹೊತ್ತಿನಲ್ಲಿ ನುಡಿಸುವ ಮಕ್ಕಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ, ಅವರೂ ನೋಡಿ ಕಲಿಯಲಿ.